ಹೆಸರೆತ್ತದ ಸೊಸೆ

ಅಡುಗೆಮನೆಯ ಚೂರಿಗಳು ಮತ್ತೆ ಕಾಣೆಯಾಗಿದ್ದವು.

ಸಾಯ್ರಾ ಯಾರನ್ನೂ ಕೇಳಲಿಲ್ಲ. ನೇರವಾಗಿ ಕುರಿದೊಡ್ಡಿಗೆ ಹೋಗಿ ಒಣಹುಲ್ಲಿನ ರಾಶಿಯೊಳಗೆ ಕೈ ಹಾಕಿದಳು. ಹಳೆಯ ಗೋಣಿಯಲ್ಲಿ ಸುತ್ತಿಟ್ಟ ಚೂರಿಗಳು ಸಿಕ್ಕವು. ಈ ಸಲ ಉಣ್ಣೆ ಕತ್ತರಿಸುವ ಕತ್ತರಿಯೂ ಇತ್ತು. ಹಿಂದೆ ಬಂದು ನಿಂತಿದ್ದ ಮಗ ಜೋಮಾರ್ತ್ ಆ ಗಂಟನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡ.

"ಮಾಂಸ ಹೆಚ್ಚಬೇಕಾದ್ರೆ ನನ್ನನ್ನ ಕರಿ, ಅಮ್ಮ. ನಾನೇ ಹೆಚ್ಚಿಕೊಡ್ತೀನಿ."

"ನಿನಗೇನಾಗಿದೆಯೋ?"

"ನನಗೇನೂ ಆಗಿಲ್ಲ."

ಅವನ ಕಣ್ಣ ಕೆಳಗೆ ಮಸಿ ಬಳಿದಂತಿತ್ತು. ಸಾಯ್ರಾಗೆ ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಮರಗಟ್ಟಿದ ಬೆರಳಿಗೆ ಒಲೆಯ ಬಿಸಿ ತಿಳಿಯದಂತಿತ್ತು. ಈ ದಾರಿ ಅವಳಿಗೆ ಪರಿಚಿತ. ಅವಳ ತಮ್ಮನೂ ಹೀಗೇ ಮೊದಲು ನಿದ್ದೆ ಬಿಟ್ಟ, ಆಮೇಲೆ ಕೆಲಸ ಬಿಟ್ಟ, ಕೊನೆಗೆ ಮನೆಯವರನ್ನೇ ಅನುಮಾನಿಸತೊಡಗಿದ. ಮನೆಯವರು ದೃಷ್ಟಿಯಾಗಿದೆ ಎಂದು ಹೊಗೆ ಹಾಕುತ್ತ ಕೂತರು. ಡಾಕ್ಟರು ಬರುವಷ್ಟರಲ್ಲಿ ನರೀನ್ ನದಿ ಅವನನ್ನು ಒಯ್ದಿತ್ತು.

ಮಗನನ್ನು ಹಾಗೆ ಕಳೆದುಕೊಳ್ಳಲಾರೆ ಎಂದುಕೊಂಡಳು. ಅಂದಿನಿಂದ ಅವನ ಮೇಲೆ ಕಣ್ಣಿಟ್ಟಳು.

ಎಲ್ಲವೂ ಕಂಡಿತು. ಕುರಿಗಳನ್ನು ಪಕ್ಕದವರಿಗೆ ಒಪ್ಪಿಸಿ ಅವನು ದಿನವಿಡೀ ಹೆಂಡತಿಯ ಬೆನ್ನ ಹಿಂದೆಯೇ ಇರುತ್ತಿದ್ದ. ಅವಳು ಬಾವಿಗೆ ಹೋದರೆ ಬಾವಿಗೆ, ದೊಡ್ಡಿಗೆ ಹೋದರೆ ದೊಡ್ಡಿಗೆ. ಊಟಕ್ಕೆ ಕೂತರೆ ಅವಳ ಬಟ್ಟಲನ್ನೇ ಎಳೆದುಕೊಂಡು ಮೊದಲು ತಾನು ಒಂದು ಗುಟುಕು ಕುಡಿದು ನೋಡುತ್ತಿದ್ದ. ಕಟ್ಟಿಕೊಂಡವಳ ಮೇಲೂ ನಂಬಿಕೆಯಿಲ್ಲ! ಸೊಸೆ ಬೇಗಾಯಿಮ್ ಮಾತ್ರ ತಲೆಯ ಮೇಲಿನ ಬಿಳಿ ವಸ್ತ್ರ ಸರಿಪಡಿಸಿಕೊಂಡು, ಅವನು ಕುಡಿದ ಮೇಲೆ, ತುಟಿ ಪಿಟಕ್ಕೆನ್ನದೆ ಕುಡಿಯುತ್ತಿದ್ದಳು.

ಅಂಥ ಸೊಸೆ ಆ ಕಣಿವೆಯಲ್ಲಿ ಇನ್ನೊಬ್ಬಳಿರಲಿಲ್ಲ. ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆ ನಾಲಿಗೆಗೆ ತರಬಾರದು. ಆ ಹೆಸರಿನೊಳಗಿನ ಪದವನ್ನೂ ಆಡಬಾರದು. ಈಗಿನವರು ಇದನ್ನೆಲ್ಲ ಗಾಳಿಗೆ ತೂರಿದ್ದರು. ತೀರಿಹೋದ ಮಾವನ ಹೆಸರಿನಲ್ಲಿ ಕುರಿಮರಿ ಇತ್ತೆಂದು ಬೇಗಾಯಿಮ್ ಕುರಿಮರಿಯನ್ನು 'ಬ್ಯಾ ಅನ್ನೋದು' ಎನ್ನುತ್ತಿದ್ದಳು. ಬರಬರುತ್ತ ದೀಪ 'ನೋಡ್ತಿರೋದು' ಆಯಿತು, ಗೋಡೆ 'ಕೇಳಿಸ್ಕೊಳ್ಳೋದು' ಆಯಿತು.

"ಎಲ್ಲಿಂದ ಹುಡುಕಿ ತಂದ್ಯೇ ಈ ಮುತ್ತನ್ನ?" ಪಕ್ಕದ ಮನೆಯ ಜೂರಾ ಹೊಟ್ಟೆ ಉರಿದುಕೊಂಡಳು. "ನನ್ನ ಸೊಸೆ ನಾಯಿಗೆ ನನ್ನ ಹೆಸರೇ ಇಟ್ಟವಳೆ. ಅದೂ ತಿರುಗಿ ನೋಡತ್ತೆ, ನಾನೂ ತಿರುಗಿ ನೋಡ್ತೀನಿ! ಅಲ್ವೇ, ನಿಮ್ಮ ಕುಲದಲ್ಲಿ ಗೋಡೆ ಅಂತ ಯಾರಪ್ಪಾ ಇದ್ರು?"

ಸಾಯ್ರಾಗೆ ಗೊತ್ತಿರಲಿಲ್ಲ. "ಏಳು ತಲೆಮಾರಲ್ಲಿ ಯಾರೋ ಇದ್ದಿರ್ತಾರೆ ಬಿಡು. ನಾವು ಮರೆತ್ವಿ, ಹುಡುಗಿ ಮರೀಲಿಲ್ಲ," ಎಂದಳು. ಇಂಥ ಬಂಗಾರವನ್ನು ಮಗ ಅನುಮಾನದಿಂದ ಹಿಂಡುತ್ತಿದ್ದಾನಲ್ಲ ಎಂದು ಅನಿಸಿತು.

ಮರುದಿನವೇ ಹೇಳಿಕಳಿಸಿ ಪಟ್ಟಣದಿಂದ ಮನೋವೈದ್ಯೆ ಸಾಲ್ಕಿನಾಯಳನ್ನು ಕರೆಸಿದಳು. ಅಗತ್ಯ ಬಿದ್ದರೆ ಮಗನನ್ನು ವೈದ್ಯೆ ಬಂದ ಗಾಡಿಯಲ್ಲೇ ಆಸ್ಪತ್ರೆಗೆ ಕಳಿಸುವುದೆಂದು ಅವನ ಬಟ್ಟೆಯನ್ನೂ ಗಂಟು ಕಟ್ಟಿಟ್ಟಿದ್ದಳು.

ವೈದ್ಯೆ ಜೋಮಾರ್ತ್‌ನ ಎದುರು ಬಹಳ ಹೊತ್ತು ಕೂತು ಕೇಳಿದಳು. ಅವನು ಎಲ್ಲಕ್ಕೂ ನೆಟ್ಟಗೆ ಉತ್ತರಿಸಿದ.

"ಚೂರಿ ಯಾಕಪ್ಪಾ ಬಚ್ಚಿಡ್ತೀಯ?"

ಅವನು ತಾಯಿಯ ಕಡೆ ನೋಡಿದ. "ಹೇಳಿದ್ರೆ ನನ್ನ ಹೆಂಡ್ತೀನ ತವರಿಗೆ ಅಟ್ಟಿಬಿಡ್ತಾರೆ."

"ಅಯ್ಯೋ, ನನ್ನ ಸೊಸೇನ ನಾನ್ಯಾಕೋ ಅಟ್ಟಲಿ?" ಸಾಯ್ರಾ ಸಿಡುಕಿದಳು. "ಅವಳಂಥ ಗುಣವಂತೆ ಯಾರಿದಾರೆ? ನೀವೇ ಕೇಳಿ ನೋಡಿ ಡಾಕ್ಟರಮ್ಮ, ಒಂದು ಹೆಸರಾದ್ರೂ ಎತ್ತಲಿ!"

ಚಹಾ ಹಿಡಿದು ಬಂದ ಬೇಗಾಯಿಮ್ ಬಾಗಿ ವಂದಿಸಿದಳು. ವೈದ್ಯೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ವೈದ್ಯೆಯೂ ಆ ಸೀಮೆಯ ಸೊಸೆಯೇ. ಏನು ಕೇಳಬೇಕೆಂದು ಅವಳಿಗೆ ಗೊತ್ತಿತ್ತು.

"ಹಿರಿಯರ ಹೆಸರು ಬೇಡಮ್ಮ. ನಿನ್ನ ಹೆಸರು ಹೇಳು, ಸಾಕು."

ಬೇಗಾಯಿಮ್ ಗೋಡೆಯ ಕಡೆ ಒಮ್ಮೆ ನೋಡಿ, ವೈದ್ಯೆಯ ಕಿವಿಯ ಹತ್ತಿರ ಬಾಗಿದಳು. ಆದರೂ ಸಾಯ್ರಾಗೆ ಕೇಳಿಸಿತು:

"ಮೆತ್ತಗೆ, ಅಕ್ಕಾ... ಆ ಹೆಸರಿನವಳು ಸತ್ತುಹೋದ್ಲು ಅಂತ ಅವರಿಗೆ ಹೇಳಿದೀನಿ, ಇವತ್ತು ಹೆಣ ತೋರಿಸು ಅಂತಿದಾರೆ."