ಚಾಕಿ ಮನೆಯ ಫೋರ್‌ಕೆ

"ಇನ್ಯಾರು ಹೋಗಿದ್ರು ಒಳಕ್ಕೆ? ಇವ್ಳೇ! ಅದೂ ಮುಟ್ಟಾಗಿದ್ಕೊಂಡು!"

ವರಲಕ್ಷ್ಮಮ್ಮನ ಕೂಗು ರಸ್ತೆಯಾಚೆಯ ಹಿಪ್ಪುನೇರಳೆ ತೋಟದವರೆಗೂ ಕೇಳುತ್ತಿತ್ತು. ಮರಿ ಸಾಕುವ ಚಾಕಿ ಮನೆಯ ತಟ್ಟೆಗಳಲ್ಲಿ ರೇಷ್ಮೆ ಮರಿಹುಳುಗಳು ಸೊಪ್ಪು ಮುಟ್ಟದೆ ಸತ್ತುಬಿದ್ದಿದ್ದವು. ಮೊಟ್ಟೆ ತಂದು, ಮರಿ ಮಾಡಿಸಿ, ಎರಡು ಸಲ ಪೊರೆ ಬಿಡುವವರೆಗೆ ಸಾಕಿ ಶಿಡ್ಲಘಟ್ಟದ ಸುತ್ತಲಿನ ರೈತರಿಗೆ ಮಾರುವುದು ಈ ಮನೆಯವರ ಕಸುಬು. ಈ ಸಲ ಮಾರಲು ಒಂದು ಹುಳುವೂ ಉಳಿಯುವ ಹಾಗೆ ಕಾಣಲಿಲ್ಲ. ಕಾರಣ ಹುಡುಕಲು ಯಾರೂ ಕಷ್ಟಪಡಲಿಲ್ಲ. ನಿನ್ನೆ ಮಗ ಚೈತನ್ಯ ಊರಲ್ಲಿಲ್ಲದಾಗ ಸೊಸೆ ಹರಿತಾ ಒಳಗೆ ಹೋಗಿ ಸೊಪ್ಪು ಹಾಕಿ ಬಂದಿದ್ದಳಲ್ಲ, ಅಷ್ಟು ಸಾಕಾಯಿತು. ಹಸಿದ ಹುಳುವಿಗೆ ಮೇವು ಹಾಕಿದ್ದು ಈ ಮನೆಯಲ್ಲಿ ಕೊಲೆಯಾಗಿಹೋಗಿತ್ತು.

ಗಂಡ ಒಂದು ಮಾತಾದರೂ ಆಡಿಯಾನೆಂದು ಹರಿತಾ ಅವನ ಕಡೆ ನೋಡಿದಳು. ಚೈತನ್ಯ ಹಜಾರದಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ. ಹುಳು ಕೊಳ್ಳಲು ಬರುವ ರೈತರಿಗೆ "ನೋಡಿ, ರೋಗ ಇಲ್ಲ" ಎಂದು ತೋರಿಸಲು ಮೈಕ್ರೋಸ್ಕೋಪಿಗೊಂದು ಕ್ಯಾಮೆರಾ ಸಿಕ್ಕಿಸಿ, ಯುಗಾದಿಗೆ ಸಣ್ಣದನ್ನೂ ಬಿಡಿಸಿ ತೋರಿಸುವ, ಗೋಡೆಯಗಲದ ಫೋರ್‌ಕೆ ಮಾನಿಟರ್ ತಂದಿದ್ದ. ಈಗ ಸತ್ತ ಹುಳುವೊಂದನ್ನು ಅರೆದು, ಅದರ ಹನಿಯನ್ನು ಗಾಜಿನ ಮೇಲಿಟ್ಟು ನೋಡುತ್ತಿದ್ದ. ಪರದೆಯ ತುಂಬ ಮಜ್ಜಿಗೆ ಚೆಲ್ಲಿದ ಹಾಗೆ ಬರೀ ಮಸುಕು.

"ಗಂಟುರೋಗ ಇಲ್ಲಮ್ಮ," ಎಂದ. ತಾಯಿಚಿಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಹುಳುವಿಗೆ ಬರುವ ರೋಗ ಅದು. "ಇದ್ದಿದ್ರೆ ಕಾಳುಕಾಳಾಗಿ ಹೊಳೀತಿತ್ತು. ಮೊಟ್ಟೇಲೇನೂ ದೋಷ ಇಲ್ಲ."

ಹಾಗಾದರೆ ದೋಷ ಯಾರದು ಎಂದು ಅವನು ಹೇಳಲಿಲ್ಲ. ಹೇಳುವ ಕೆಲಸವನ್ನು ಅಮ್ಮ ಬೆಳಿಗ್ಗೆಯಿಂದ ಮಾಡುತ್ತಲೇ ಇದ್ದಳು.

ಹರಿತಾಳಿಗೆ ಮೈಯೆಲ್ಲ ಉರಿದುಹೋಯಿತು. ಮದುವೆಗೆ ಮುಂಚೆ ಅವಳು ಚಿಕ್ಕಬಳ್ಳಾಪುರದ ಸ್ಟುಡಿಯೋ ಒಂದರಲ್ಲಿ ಮದುವೆ ಆಲ್ಬಂ ಮಾಡುತ್ತಿದ್ದವಳು. ಕಂಪ್ಯೂಟರ್ ಪರದೆ ಸರಿಯಿದೆಯೋ ಇಲ್ಲವೋ ಎಂಬುದು ದೂರದಿಂದಲೇ ತಿಳಿಯುತ್ತಿತ್ತು.

"ರೀ, ಅದು ಪೂರ್ತಿ ರೆಸಲ್ಯೂಷನ್ ತೋರಿಸ್ತಿಲ್ಲ."

"ಫೋರ್‌ಕೆ ಕಣೇ ಇದು. ಡಬ್ಬದ ಮೇಲೇ ಬರೆದಿದೆ."

"ಡಬ್ಬದ ಮೇಲೆ ಬರೆದ್ಬಿಟ್ರೆ ಆಗೋಯ್ತಾ? ಹಳೇ ಟಿವಿ ಕೇಬಲ್ ಸಿಕ್ಸಿದ್ದೀರ. ನಾಲ್ಕು ಪಾಲಲ್ಲಿ ಒಂದು ಪಾಲು ಬರ್ತಿದೆ ಅಷ್ಟೇ. ಮಿಕ್ಕಿದ್ದೆಲ್ಲ ಮಸುಕು."

"ಅಂಗಡಿಯವನೇ ಬಂದು ಹಾಕ್ಕೊಟ್ಟಿದ್ದು. ಅವನಿಗಿಂತ ನಿನಗೆ ಜಾಸ್ತಿ ಗೊತ್ತಾ?"

ಹರಿತಾ ಕುರ್ಚಿ ಹತ್ತಿ ಅಟ್ಟದಿಂದ ಮಾನಿಟರಿನ ಡಬ್ಬ ಇಳಿಸಿದಳು. ಅದರ ಜೊತೆಗೇ ಬಂದಿದ್ದ ಕೇಬಲ್ಲು ಪ್ಲಾಸ್ಟಿಕ್ ಚೀಲ ಕೂಡ ಬಿಚ್ಚದೆ ಹಾಗೇ ಮಲಗಿತ್ತು. ಹಳೆಯದನ್ನು ಕಿತ್ತು, ಹೊಸದನ್ನು ಕಂಪ್ಯೂಟರಿನ ಹಿಂದೆ ಗ್ರಾಫಿಕ್ಸ್ ಕಾರ್ಡಿನ ತೂತಿಗೆ ಸಿಕ್ಕಿಸಿದಳು. ಆಮೇಲೆ ಗಂಡನ ಕೈಯಿಂದ ಮೌಸ್ ತೆಗೆದುಕೊಂಡು, ಸೆಟ್ಟಿಂಗಿನಲ್ಲಿ ಎಲ್ಲಕ್ಕಿಂತ ಮೇಲಿನ ಅಳತೆ ಒತ್ತಿದಳು. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಅದರಲ್ಲಿದ್ದ ಅಕ್ಷರಗಳೆಲ್ಲ ಸಾಸಿವೆಯಷ್ಟಾಗಿದ್ದವು.

"ಅಯ್ಯೋ ನನ್ ಕರ್ಮ! ಅದನ್ನೂ ಮುಟ್ಟಿ ಹಾಳ್ಮಾಡಿದ್ಲು ನೋಡೋ. ಎಲ್ಲಾ ಕುಗ್ಗೋಯ್ತು!" ಎಂದಳು ವರಲಕ್ಷ್ಮಮ್ಮ.

ಹರಿತಾ ಕ್ಯಾಮೆರಾವನ್ನೂ ಅದೇ ಅಳತೆಗೆ ಏರಿಸಿದಳು. ಮಸುಕು ಕರಗಿತು. ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ ಅಕ್ಕಿಕಾಳಿನ ಆಕಾರದ ಕಾಳುಗಳು ಒತ್ತೊತ್ತಾಗಿ ಹೊಳೆಯುತ್ತಿದ್ದವು. ಚೈತನ್ಯ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಕಾಳುಗಳು ಎಲ್ಲಿಗೂ ಹೋಗಲಿಲ್ಲ.

"ಏನು ಅದು? ಬಾಯ್ಬಿಟ್ಟು ಹೇಳಿ," ಎಂದಳು ಹರಿತಾ. "ಅತ್ತೆಗೂ ಕೇಳಿಸ್ಲಿ."

"ಗಂಟುರೋಗ."

"ನಾನು ನಿನ್ನೆ ಹಾಕಿದ ಸೊಪ್ಪಿಂದ ಬಂತಾ?"

"ಇಲ್ಲ. ಮೊಟ್ಟೇಲೇ ಬಂದಿದೆ."

"ಆ ಮೊಟ್ಟೆ ತಂದೋರು ಯಾರು?"

ಚೈತನ್ಯ ತಲೆ ಬಗ್ಗಿಸಿದ. "ಚಿಂತಾಮಣೀಲಿ ಒಬ್ಬ ಏಜೆಂಟ್ ಸಿಕ್ಕಿದ್ದ. ಪರೀಕ್ಷೆ ಆಗಿರೋ ಮೊಟ್ಟೆ ಅಂದ. ಕಮ್ಮಿಗೆ ಕೊಟ್ಟ, ತಂದೆ."

ವರಲಕ್ಷ್ಮಮ್ಮ ಪರದೆಯನ್ನು ನೋಡಿದಳು, ಮಗನನ್ನು ನೋಡಿದಳು. ಹತ್ತಿರ ಹೋಗಿ ಅವನ ಬೆನ್ನು ಸವರಿದಳು. "ಪಾಪ, ನಮ್ ಹುಡುಗಂಗೆ ಯಾವನೋ ಮೋಸ ಮಾಡವ್ನೆ. ಹೋಗ್ಲಿ ಬಿಡಪ್ಪ, ಮನ್ಸಿಗೆ ಹಚ್ಕೋಬೇಡ. ಕಾಫಿ ಕುಡೀತೀಯಾ?"

ಬೆಳಿಗ್ಗೆಯಿಂದ ಸೊಸೆಯ ಮೇಲೆ ಸುರಿದ ಬೈಗುಳದಲ್ಲಿ ಒಂದನ್ನೂ ಆಕೆ ಮಗನ ಪಾಲಿಗೆಂದು ಉಳಿಸಿಕೊಂಡಿರಲಿಲ್ಲ. ತಪ್ಪಾಯಿತು ಎಂಬ ಮಾತು ತಾಯಿಯ ಬಾಯಿಂದಲೂ ಬರಲಿಲ್ಲ, ಮಗನ ಬಾಯಿಂದಲೂ ಬರಲಿಲ್ಲ. ಯಾರೋ ಗೊತ್ತಿಲ್ಲದ ಏಜೆಂಟನಿಗೆ ಇಬ್ಬರೂ ಸೇರಿ ಒಂದಷ್ಟು ಶಾಪ ಹಾಕಿದರು. ಹರಿತಾ ಕಂಪ್ಯೂಟರಿನ ಪಕ್ಕದಲ್ಲಿ ಹಾಗೇ ನಿಂತಿದ್ದಳು. ಅವಳು ಅಲ್ಲಿದ್ದಾಳೆಂಬುದೇ ಇಬ್ಬರಿಗೂ ಮರೆತುಹೋದಂತಿತ್ತು.

ನೆನಪಾದದ್ದು ಕೆಲಸ ಬಂದಾಗ. ಗಂಟುರೋಗದ ಹುಳುಗಳನ್ನು ಒಂದೂ ಬಿಡದೆ ಬಾಚಿ ಸುಡಬೇಕು, ತಟ್ಟೆಗಳನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯಬೇಕು. ಇಲ್ಲದಿದ್ದರೆ ಮುಂದಿನ ಬೆಳೆಗೂ ರೋಗ ತಪ್ಪಿದ್ದಲ್ಲ. ಚಾಕಿ ಮನೆಯಿಂದ ಆಗಲೇ ಕೊಳೆತ ನಾತ ಹಜಾರಕ್ಕೂ ಬರುತ್ತಿತ್ತು. ವರಲಕ್ಷ್ಮಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, ಮೂಲೆಯಲ್ಲಿದ್ದ ಬಿದಿರಿನ ಮಂಕರಿಯನ್ನು ಕಾಲಿನಿಂದ ಸೊಸೆಯ ಕಡೆ ತಳ್ಳಿದಳು.

"ಹೋಗಮ್ಮ, ಹೊತ್ತು ಮುಳುಗೋಕ್ಮುಂಚೆ ಒಳಗೋಗಿ ಸತ್ತ ಹುಳಾನೆಲ್ಲ ಬಾಚ್ಕೊಂಡ್ಬಂದುಬಿಡು."

ಹರಿತಾ ಮಂಕರಿ ಎತ್ತಿಕೊಂಡಳು. ಅದನ್ನು ಗಂಡನ ತೊಡೆಯ ಮೇಲಿಟ್ಟಳು.

"ನನಗಿನ್ನೂ ಮುಟ್ಟು ನಿಂತಿಲ್ಲ ಅತ್ತೆ. ನಾನು ಒಳಗೆ ಹೋಗ್ಬಾರ್ದು."