ಒಲ್ಲೆ ಎನ್ನುವ ಕೆಲಸ

ಇಳಕಲ್ಲಿನ ಒಂದು ಮಗ್ಗದ ಮನೆಯಲ್ಲಿ, ಗೋಡೆಯಗಲದ ಮಾತಾಡುವ ಗಣಕಪರದೆ, ಎಲ್ಲರ ಬಾಯಲ್ಲಿ 'ಗೋಡೆ', ಗಂಟೆಗೆ ಸಾವಿರ ಸೀರೆಗಳ ವಿನ್ಯಾಸ ಬರೆಯುತ್ತಿತ್ತು. ವಿನ್ಯಾಸಕಿ ಮಹಾಂತವ್ವನ ಕೆಲಸ ಒಂದೇ: ಮನಸ್ಸಿಗೆ ಬಾರದ್ದಕ್ಕೆ 'ಒಲ್ಲೆ' ಎನ್ನುವುದು. ಇಂದು ಮಧ್ಯಾಹ್ನ ಹನ್ನೆರಡರೊಳಗೆ ಒಂದನ್ನೂ ಒಪ್ಪದಿದ್ದರೆ ಗೋಡೆಯೇ ಆರಿಸಿಕೊಳ್ಳಲಿತ್ತು. ಹಾಗಾದರೆ ನಾಳೆಯಿಂದ ಅವಳಿಗೆ ಕೆಲಸವಿಲ್ಲ. ಐದೇ ನಿಮಿಷ ಉಳಿದಿತ್ತು.

"ಹೂಂ ಅನ್ನೋದು ಮರತಿಯೇನಬೇ ಯಕ್ಕಾ?" ನೇಕಾರ ಪರಸಪ್ಪ ಕೆಣಕಿದ. "ನಾಕು ಸಾವಿರಕ್ಕೂ ಒಲ್ಲೆ ಅಂದಿ!"

"ಎಲ್ಲಾ ಚೆಂದನ ಅದಾವೋ. ಆದ್ರ ಕಣ್ಣಿಗೆ ಕೂಡಾಕ ಜಾಗಾನ ಇಲ್ಲ," ಎಂದವಳು ತಟ್ಟನೆ ಎದ್ದು ನಿಂತಳು. ಕೊರತೆ ಏನೆಂಬುದು ಅವಳ ಬಾಯಿಂದಲೇ ಬಂದಿತ್ತು. "ಏ ಗೋಡೀ, ಸೆರಗಿನ ಹೂವೆಲ್ಲಾ ತೆಗಿ. ಒಂದ ಇರಲಿ. ಉಳಿದದ್ದು ಬರೇ ಕೆಂಪು!"

ಗೋಡೆ ಮೊದಲ ಬಾರಿಗೆ ತಡವರಿಸಿತು. "ಖಾಲಿ ಬಿಡಲೇ?"

"ಬಿಡು!"

ವಿಶಾಲವಾದ ಕೆಂಪಿನ ನಡುವೆ ಒಂಟಿ ಹೂವೊಂದು ಅರಳಿತು. ಮಹಾಂತವ್ವ 'ಹೂಂ' ಎಂದಳು. ಅವಳು ಮನಸ್ಸು ಬದಲಿಸಿ ಮತ್ತೆ 'ಒಲ್ಲೆ' ಎನ್ನುವ ಮೊದಲೇ ಪರಸಪ್ಪ ಲಾಳಿ ಹಿಡಿದು ಮಗ್ಗಕ್ಕೆ ಕುಳಿತಿದ್ದ.