ಚಂಪಿಯ ಮೊದಲ ವಾಕ್ಯ

ಚಂಪಿ ಎಂಬ ಚಿಂಪಾಂಜಿಯ ಜೊತೆ ಮಾತಾಡಲೆಂದು ಸಂಶೋಧನಾ ಕೇಂದ್ರದ ಮೇಡಂ ಆರು ವರ್ಷ ಕೂತು ಗುರುತುಗಳ ಭಾಷೆಯೊಂದನ್ನು ಕಟ್ಟಿದ್ದರು. ನೀಲಿ ಗೆರೆ ಅಂದರೆ ನೀರು, ಕೆಂಪು ಚೌಕ ಅಂದರೆ ಬಾಳೆಹಣ್ಣು. ಬೋನಿನ ಗೋಡೆಗೆ ಹಾಕಿದ್ದ ಹಲಗೆಯ ಮೇಲೆ ಯಾವ ಗುರುತನ್ನು ಒತ್ತಿದರೂ ಕಂಪ್ಯೂಟರಿನಲ್ಲಿ ದಾಖಲಾಗುತ್ತಿತ್ತು. ಚಂಪಿ ಮಾತ್ರ ಎಂದೂ ಒಂದು ಗುರುತಿನ ಆಚೆಗೆ ಹೋಗಿರಲಿಲ್ಲ. ಅವತ್ತು ಹತ್ತು ಗಂಟೆಗೆ ತಜ್ಞರು ಬರುವವರಿದ್ದರು. ಅವರು ಒಪ್ಪದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಏಳು ಗಂಟೆಗೆ, ಚಂಪಿಯನ್ನು ನೋಡಿಕೊಳ್ಳುವ ಮಂಟಯ್ಯ ಬಂದು ಬಾಗಿಲಲ್ಲಿ ನಿಂತ.

"ಮೇಡಮ್ಮೋರೆ, ಊರಿಗೆ ಹೋಗ್ಬೇಕಿತ್ತು. ಮನೇಲಿ..."

"ಇವತ್ತಾ? ಬುದ್ಧಿ ಇದೆಯೇನಯ್ಯಾ ನಿಂಗೆ? ನೀನಿಲ್ದೆ ಅದು ಹಣ್ಣೂ ಮುಟ್ಟಲ್ಲ. ಹೋಗು, ಬೋನು ತೊಳಿ."

ಮಂಟಯ್ಯ ಪೊರಕೆ ಎತ್ತಿಕೊಂಡು ಹೋದ.

ತಜ್ಞರು ಬಂದು ಕಂಪ್ಯೂಟರ್ ನೋಡಿದರು. ಏಳೂಕಾಲಿಗೆ ಮೂರು ಗುರುತುಗಳು ಸಾಲಾಗಿ ಬಿದ್ದಿದ್ದವು: ತಾಯಿ, ಇಲ್ಲ, ಹೊರಗೆ.

ಮೇಡಂ ಅವರ ಕಣ್ಣು ತುಂಬಿತು. "ಇದು ಮರಿಯಾಗಿದ್ದಾಗಲೇ ತಾಯಿ ಸತ್ತುಹೋಯ್ತು ಸರ್. ಇಷ್ಟು ವರ್ಷ ಮನಸ್ಸಲ್ಲೇ ಇಟ್ಕೊಂಡಿತ್ತು, ಪಾಪ."

"ಇನ್ನೇನು ಬೇಕಮ್ಮ ನಮಗೆ!" ಹಿರಿಯ ತಜ್ಞರು ಎದ್ದು ಕೈ ಕುಲುಕಿದರು. ಆಮೇಲೆ ಮೂಲೆಯಲ್ಲಿದ್ದ ಮಂಟಯ್ಯನ ಕಡೆ ತಿರುಗಿದರು. "ಆಗ ನೀನು ಬೋನಲ್ಲೇ ಇದ್ದೆಯಲ್ಲಪ್ಪ? ಒತ್ತೋವಾಗ ಅದರ ಮುಖ ಹೇಗಿತ್ತು?"

ಮಂಟಯ್ಯ ಗೋಡೆಯ ಗಡಿಯಾರ ನೋಡಿದ.

"ಅದು ಮಲಗಿತ್ತು ಸಾಮಿ. ಒತ್ತಿದ್ದು ನಾನು. ಹನ್ನೆರಡಕ್ಕೆ ನಮ್ಮವ್ವನ್ನ ಮಣ್ಣು ಮಾಡ್ತಾರೆ."